ಮನೆಯ ಹಾಡಿನ ಧ್ವನಿಮುದ್ರಣ: ಹದಿನಾರೇ, ಇಪ್ಪತ್ತನಾಲ್ಕೇ?

ಆಷಾಢದಿಂದ ಕಾರ್ತಿಕದವರೆಗಿನ ನಾಲ್ಕು ತಿಂಗಳುಗಳಲ್ಲಿ ನಮ್ಮ ಮನೆಗಳಲ್ಲಿ ಹಾಡು, ಪಾರಾಯಣ, ಪ್ರವಚನಗಳು ವಿಶೇಷವಾಗಿ ನಡೆಯುತ್ತವೆ. ಬೆಳಗಾವಿ ನಗರದಲ್ಲಿಯೂ, ಅದಕ್ಕಿಂತ ಹೆಚ್ಚಾಗಿ ಖಾನಾಪುರದಲ್ಲಿಯೂ, ಮಳೆಯ ಕಾಲವೂ ಇದೇ. ಹಿರಿಯರು ಹಾಡುತ್ತಿರುವಾಗ ಅದನ್ನು ಮೊಬೈಲಿನಲ್ಲಿ ಅಥವಾ ಚಿಕ್ಕ ರೆಕಾರ್ಡರಿನಲ್ಲಿ ಹಿಡಿದಿಡಬೇಕೆಂಬ ಆಸೆ ಈಗ ಬಹುತೇಕ ಎಲ್ಲ ಮನೆಗಳಲ್ಲಿಯೂ ಉಂಟು. ಆದರೆ ಯಂತ್ರವನ್ನು ತೆರೆದೊಡನೆ 16 ಬಿಟ್, 24 ಬಿಟ್, 32 ಬಿಟ್ ಫ್ಲೋಟ್ ಎಂಬ ಆಯ್ಕೆಗಳು ಕಾಣುತ್ತವೆ. ದೊಡ್ಡ ಸಂಖ್ಯೆಯೇ ಒಳ್ಳೆಯದೆಂದು ತಿಳಿದು ಅದನ್ನೇ ಒತ್ತಿಬಿಡುವುದು ವಾಡಿಕೆ. ನಾವೂ ಹಾಗೆಯೇ ಮಾಡಿ ಮೋಸಹೋದವರಾದುದರಿಂದ ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ಬಿಟ್ ಎಂದರೇನು?

ಧ್ವನಿಯೆಂಬುದು ಗಾಳಿಯ ಕಂಪನ. ಡಿಜಿಟಲ್ ಯಂತ್ರವು ಆ ಕಂಪನವನ್ನು ಒಂದು ಸೆಕೆಂಡಿಗೆ ಸಾವಿರಾರು ಸಲ ಅಳೆದು, ಪ್ರತಿಯೊಂದು ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡುತ್ತದೆ. ಎಷ್ಟು ಸಲ ಅಳೆಯಬೇಕು ಎಂಬುದು ಒಂದು ಪ್ರಶ್ನೆ. ಸಾಮಾನ್ಯವಾಗಿ 44,100 ಅಥವಾ 48,000 ಸಲ. ಪ್ರತಿ ಅಳತೆಯನ್ನು ಎಷ್ಟು ಸೂಕ್ಷ್ಮವಾದ ಕೋಲಿನಿಂದ ಅಳೆಯಬೇಕು ಎಂಬುದು ಇನ್ನೊಂದು ಪ್ರಶ್ನೆ. ಈ ಎರಡನೆಯದನ್ನೇ ಬಿಟ್ ಡೆಪ್ತ್ ಎನ್ನುತ್ತಾರೆ.

1957ಕ್ಕೆ ಮೊದಲಿನ ನಾಣ್ಯಪದ್ಧತಿಯನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಆಗ ರೂಪಾಯಿಗೆ ಹದಿನಾರು ಆಣೆ, ಅರವತ್ತನಾಲ್ಕು ಪೈಸೆ. ಆಣೆಯಲ್ಲಿ ಮಾತ್ರ ಲೆಕ್ಕ ಬರೆಯುವವನು ಒಂದು ಪೈಸೆಯ ವ್ಯತ್ಯಾಸವನ್ನು ಬರೆಯಲಾರ. ಹತ್ತಿರದ ಆಣೆಗೆ ಸರಿಸಿಬಿಡುತ್ತಾನೆ. ಒಂದೊಂದು ಬಿಟ್ ಹೆಚ್ಚಿದಂತೆ ಕೋಲಿನ ಗೆರೆಗಳು ಇಮ್ಮಡಿಯಾಗುತ್ತವೆ. ನಾಲ್ಕು ಬಿಟ್‌ಗಳಿಂದ ಹದಿನಾರು ಗೆರೆ, ಅಂದರೆ ಆಣೆಯ ಲೆಕ್ಕ. ಆರು ಬಿಟ್‌ಗಳಿಂದ ಅರವತ್ತನಾಲ್ಕು, ಅಂದರೆ ಪೈಸೆಯ ಲೆಕ್ಕ. ಹೀಗೆಯೇ ಮುಂದುವರಿದರೆ 16 ಬಿಟ್‌ಗೆ 65,536 ಗೆರೆಗಳು. 24 ಬಿಟ್‌ಗೆ 1,67,77,216 ಗೆರೆಗಳು.

ಹತ್ತಿರದ ಗೆರೆಗೆ ಸರಿಸುವಾಗ ಉಂಟಾಗುವ ಚಿಕ್ಕಚಿಕ್ಕ ತಪ್ಪುಗಳು ಒಟ್ಟುಗೂಡಿ ಸಣ್ಣ ಸದ್ದಾಗಿ ಧ್ವನಿಯ ತಳದಲ್ಲಿ ನಿಲ್ಲುತ್ತವೆ. ಒಂದು ಬಿಟ್ ಹೆಚ್ಚಿದರೆ ಈ ಸದ್ದು ಸುಮಾರು 6 ಡೆಸಿಬಲ್ ಕೆಳಗಿಳಿಯುತ್ತದೆ. ಆದ್ದರಿಂದ 16 ಬಿಟ್‌ನಲ್ಲಿ ಅತ್ಯಂತ ಗಟ್ಟಿಯಾದ ಧ್ವನಿಗೂ ತಳದ ಸದ್ದಿಗೂ ಸುಮಾರು 96 ಡೆಸಿಬಲ್ ಅಂತರ. 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 144. ಉತ್ತಮ ಯಂತ್ರಗಳು ಕೂಡ ವಾಸ್ತವವಾಗಿ 120ರ ಆಸುಪಾಸಿನಲ್ಲಿ ನಿಲ್ಲುತ್ತವೆ, ಏಕೆಂದರೆ ವಿದ್ಯುತ್ ಭಾಗಗಳಿಗೆ ತಮ್ಮದೇ ಆದ ಸದ್ದು ಇರುತ್ತದೆ.

ನೆಲವೂ ಮಾಳಿಗೆಯೂ

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ಒಂದುಂಟು. ಬಿಟ್ ಹೆಚ್ಚಿದರೆ ಕೆಳಗಾಗುವುದು ನೆಲ, ಮಾಳಿಗೆ ಎತ್ತರವಾಗುವುದಿಲ್ಲ. 16 ಆಗಲಿ 24 ಆಗಲಿ, ಮೀಟರಿನ ಶೂನ್ಯವೇ ಕೊನೆಯ ಮಿತಿ. ಅದನ್ನು ದಾಟಿದ ಧ್ವನಿಯ ತಲೆ ಕತ್ತರಿಸಿಹೋಗುತ್ತದೆ. ಕರ್ಕಶವಾದ ಬಿರುಕು ಕೇಳಿಸುತ್ತದೆ. ಕತ್ತರಿಸಿದ ಭಾಗವು ಎಲ್ಲಿಯೂ ಬರೆದಿರುವುದಿಲ್ಲವಾದ್ದರಿಂದ ಅದನ್ನು ಆಮೇಲೆ ನಿಜವಾಗಿ ಮರಳಿ ತರಲಾಗದು.

ಇದನ್ನು ಅರಿಯದೆ ನಾವು ಕೆಲವು ವರ್ಷಗಳ ಹಿಂದೆ ಶ್ರಾವಣಮಾಸದಲ್ಲಿ ಖಾನಾಪುರದ ನಮ್ಮ ಸೋದರತ್ತೆಯವರ ಮನೆಗೆ ರೆಕಾರ್ಡರ್ ತೆಗೆದುಕೊಂಡು ಹೋಗಿದ್ದೆವು. ಅವರಿಗೆ ಲಕ್ಷ್ಮೀಶೋಭಾನೆಯನ್ನು ತಮ್ಮ ತಾಯಿಯ ಮನೆಯ ಧಾಟಿಯಲ್ಲಿ ಹಾಡುವ ರೂಢಿ. ಆ ಧಾಟಿ ಬಲ್ಲವರು ಮನೆತನದಲ್ಲಿ ಅವರೊಬ್ಬರೇ ಉಳಿದಿದ್ದರು. ಯಂತ್ರವನ್ನು 24 ಬಿಟ್‌ಗೆ ಇಟ್ಟು, ಅವರು ಮೆಲ್ಲಗೆ ಮಾತನಾಡುತ್ತಿದ್ದಾಗಲೇ ಮಟ್ಟವನ್ನು ನೋಡಿ, ಮುಳ್ಳು ಶೂನ್ಯದ ಹತ್ತಿರ ಬರುವಂತೆ ಏರಿಸಿದೆವು. ಸಂಖ್ಯೆ ದೊಡ್ಡದು, ಇನ್ನೇನು ಚಿಂತೆ ಎಂಬ ಭಾವನೆ. ಅವರು ಹಾಡತೊಡಗಿದಾಗ ಧ್ವನಿ ಮಾತಿಗಿಂತ ಬಹಳ ಏರಿತು. ನಡುವೆ ಗಂಟೆ, ಜಾಗಟೆಗಳೂ ಸೇರಿದವು. ನಾವು ಮೀಟರಿನ ಕಡೆಗೆ ನೋಡಲೇ ಇಲ್ಲ. ರಾತ್ರಿ ಕೇಳಿಸಿದಾಗ ಮೇಲಿನ ಸ್ವರಗಳೆಲ್ಲ ಒಡೆದುಹೋಗಿದ್ದವು. ಅತ್ತೆಯವರು ಸ್ವಲ್ಪ ಹೊತ್ತು ಕೇಳಿ, “ತಮ್ಮಾ, ನನ್ನ ಧ್ವನಿ ಹೀಂಗ ಒಡದ ಹೋಗೇದ ಏನು?” ಎಂದು ಕೇಳಿದರು. ಒಡೆದುದು ಅವರ ಧ್ವನಿಯಲ್ಲ, ನಮ್ಮ ಅಜಾಗರೂಕತೆಯೆಂದು ಹೇಳಿದೆವು.

ಕಾರ್ತಿಕದಲ್ಲಿ ಅವರು ಬೆಳಗಾವಿಗೆ ಬಂದಾಗ ಅದೇ ಯಂತ್ರ, ಅದೇ 24 ಬಿಟ್. ಆದರೆ ಮಟ್ಟವನ್ನು ಬಹಳ ತಗ್ಗಿಸಿಟ್ಟೆವು. ಧ್ವನಿ ನಿರ್ಮಲವಾಗಿ ಬಂತು. ಆದರೆ ಆ ವೇಳೆಗೆ ಅವರ ಉಸಿರು ಕುಗ್ಗಿತ್ತು. ಕೆಲವು ನುಡಿಗಳು ಮರೆತುಹೋದವು. ಮರುವರ್ಷದ ಬೇಸಗೆಯಲ್ಲಿ ಅವರು ತೀರಿಕೊಂಡರು. ಹೀಗಾಗಿ ಪೂರ್ಣವಾಗಿರುವುದು ಒಡೆದ ಮುದ್ರಣ. ನಿರ್ಮಲವಾಗಿರುವುದು ಅಪೂರ್ಣ ಮುದ್ರಣ.

ಹಾಗಾದರೆ 24 ಬಿಟ್ ಏಕೆ ಬೇಕು?

ಶಾಂತವಾದ ಮನೆಯಲ್ಲಿ ರಾತ್ರಿಯ ಹೊತ್ತಿನಲ್ಲಿಯೂ ಸುಮಾರು 30 ಡೆಸಿಬಲ್‌ನಷ್ಟು ಸದ್ದು ಇದ್ದೇ ಇರುತ್ತದೆ. ಸಮೀಪದಲ್ಲಿ ಕುಳಿತು ಹಾಡುವವರ ಧ್ವನಿ 70ರಿಂದ 80. ಅಂತರವು 40ರಿಂದ 50 ಮಾತ್ರ. ಬೆಳಗಾವಿಯ ಟಿಳಕವಾಡಿಯಲ್ಲಿ ರೈಲುಹಳಿಯ ಹತ್ತಿರದ ಮನೆಯಲ್ಲಾಗಲಿ, ಖಾನಾಪುರದಲ್ಲಿ ಹೆಂಚಿನ ಮೇಲೆ ಮಳೆ ಸುರಿಯುವಾಗಲಾಗಲಿ, ಇಷ್ಟೂ ಅಂತರ ಸಿಗದು. ಹೀಗಿರುವಾಗ 16 ಬಿಟ್‌ನ 96 ಡೆಸಿಬಲ್ಲೇ ಧಾರಾಳವಲ್ಲವೇ ಎಂದು ಕೇಳಬಹುದು. ಕೇಳುವುದಕ್ಕೆ ನಿಜವಾಗಿಯೂ ಧಾರಾಳ. 1982ರಲ್ಲಿ ಮಾರುಕಟ್ಟೆಗೆ ಬಂದ ಸಿ.ಡಿ.ಯು 16 ಬಿಟ್‌ನದೇ. ಅದರಲ್ಲಿ ಮಹಾಗಾಯಕರ ಸಂಗೀತಕ್ಕೆ ಕೊರತೆಯಾಗಲಿಲ್ಲ.

24 ಬಿಟ್‌ನ ಪ್ರಯೋಜನವು ಕೇಳುವಾಗಲ್ಲ, ಮುದ್ರಿಸುವಾಗ. ಮಾಳಿಗೆ ತಾಗದಿರಲೆಂದು ಧ್ವನಿಯನ್ನು ಶೂನ್ಯಕ್ಕಿಂತ 18 ಡೆಸಿಬಲ್ ಕೆಳಗಿಟ್ಟೆವೆನ್ನೋಣ. 16 ಬಿಟ್‌ನಲ್ಲಿ ಉಳಿಯುವುದು 78, ಇದೂ ಸಾಕು. ಆದರೆ ಹಾಡುವವರು ದೂರ ಸರಿದು ಅಥವಾ ದಣಿದು ಧ್ವನಿ 45 ಡೆಸಿಬಲ್ ಕೆಳಗಿಳಿದರೆ ಉಳಿಯುವುದು ಐವತ್ತರ ಸಮೀಪ. ಆಮೇಲೆ ಧ್ವನಿಯನ್ನು ಎತ್ತರಿಸಿದರೆ ತಳದ ಸದ್ದೂ ಜೊತೆಗೆ ಮೇಲೇಳುತ್ತದೆ. 24 ಬಿಟ್‌ನಲ್ಲಿ ಅಷ್ಟು ಇಳಿದರೂ ಅಳತೆಯ ಸದ್ದು ಕೋಣೆಯ ಸದ್ದಿಗಿಂತ ಬಹಳ ಕೆಳಗೆ ಉಳಿಯುತ್ತದೆ. ಅಂದರೆ, ಮಾಳಿಗೆಯಿಂದ ಧೈರ್ಯವಾಗಿ ದೂರ ನಿಲ್ಲಲು 24 ಬಿಟ್ ಅವಕಾಶ ಕೊಡುತ್ತದೆ. ಆ ಅವಕಾಶವನ್ನು ಬಳಸದೆ ಮಟ್ಟವನ್ನು ಏರಿಸಿದರೆ, ನಮಗಾದಂತೆ, 24 ಇದ್ದೂ ಫಲವಿಲ್ಲ.

32 ಬಿಟ್ ಫ್ಲೋಟ್‌ನಲ್ಲಿ ಕಡತಕ್ಕೆ ಶೂನ್ಯವೆಂಬ ಮಿತಿ ಬಾಧಕವಲ್ಲ. ಅದಕ್ಕೆ ತಕ್ಕಂತೆ ನಿರ್ಮಿಸಿದ ರೆಕಾರ್ಡರುಗಳಲ್ಲಿ ಜೋರಾದ ಗಂಟೆಯ ನಾದವನ್ನೂ ಆಮೇಲೆ ತಗ್ಗಿಸಿಕೊಳ್ಳಬಹುದು. ಆದರೆ ಮೈಕ್ರೊಫೋನೇ ತಾಳಲಾರದೆ ಒಡೆದ ಧ್ವನಿಯನ್ನು ಇದು ಸರಿಪಡಿಸದು. ಸಾಮಾನ್ಯ ಯಂತ್ರದಿಂದ ಬಂದುದನ್ನು ಕೇವಲ 32 ಬಿಟ್ ಕಡತವಾಗಿ ಬರೆದಿಟ್ಟ ಮಾತ್ರಕ್ಕೆ ಈ ಗುಣವೂ ಬಾರದು. ಅಂತೆಯೇ 16 ಬಿಟ್‌ನ ಹಳೆಯ ಮುದ್ರಣವನ್ನು 24 ಬಿಟ್‌ಗೆ ಪರಿವರ್ತಿಸಿದರೆ ಕಡತ ದೊಡ್ಡದಾಗುವುದೇ ಹೊರತು ಧ್ವನಿ ಉತ್ತಮವಾಗದು. ಪಾತ್ರೆ ಬದಲಿಸಿದರೆ ಹಾಲು ಹೆಚ್ಚುವುದುಂಟೆ?

ಮನೆಯಲ್ಲಿ ಅನುಸರಿಸಬಹುದಾದ ಕ್ರಮ

1. ರೆಕಾರ್ಡರಿನಲ್ಲಿ ವೇವ್ ಕಡತ, 48,000, 24 ಬಿಟ್ ಎಂದು ಇಡಬೇಕು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐ.ಎ.ಎಸ್.ಎ. ಹಳೆಯ ಟೇಪುಗಳ ಪ್ರತಿ ತೆಗೆಯುವಾಗಲೂ ಕನಿಷ್ಠ ಇಷ್ಟಿರಬೇಕೆಂದು ಸೂಚಿಸಿದೆ. ಮನೆಯಲ್ಲಿ ಪ್ರವಚನಗಳ ಕ್ಯಾಸೆಟ್ಟುಗಳನ್ನು ಇಟ್ಟುಕೊಂಡವರಿಗೂ ಇದೇ ಅಳತೆ ಸಲ್ಲುತ್ತದೆ.

2. ಮಟ್ಟವನ್ನು ಮಾತಿನಿಂದ ಪರೀಕ್ಷಿಸಬಾರದು. ಅತ್ಯಂತ ಎತ್ತರದ ನುಡಿಯನ್ನು ಒಮ್ಮೆ ಹಾಡಿಸಿ, ಗಂಟೆಯನ್ನೂ ಬಾರಿಸಿ ನೋಡಬೇಕು. ಹಾಡು ಶೂನ್ಯಕ್ಕಿಂತ 18 ಡೆಸಿಬಲ್ ಕೆಳಗಿನ ಆಸುಪಾಸಿನಲ್ಲಿರಲಿ. ಅತಿ ಗಟ್ಟಿಯಾದ ಸದ್ದು ಕೂಡ 6ಕ್ಕಿಂತ ಮೇಲೇರದಿರಲಿ.

3. ಯಂತ್ರವು ಹಾಡುವವರಿಂದ ಒಂದು ಮೊಳ ದೂರದಲ್ಲಿರಲಿ. ಜಾಗಟೆಯವರು ದೂರ ನಿಲ್ಲಲಿ. ಫ್ಯಾನ್ ನಿಲ್ಲಿಸಿ, ಮಳೆ ಬಿಟ್ಟ ಹೊತ್ತನ್ನು ಆರಿಸಿಕೊಳ್ಳಬೇಕು. ಬಿಟ್ ಹೆಚ್ಚಿಸುವುದರಿಂದ ಆಗುವ ಲಾಭಕ್ಕಿಂತ ಇದರ ಲಾಭವೇ ಅಧಿಕ.

4. ಮೊಬೈಲಿನ ಸಾಮಾನ್ಯ ರೆಕಾರ್ಡರುಗಳು ಧ್ವನಿಯನ್ನು ಸಂಕೋಚಿಸಿ ಬರೆಯುವುದೇ ಹೆಚ್ಚು. ವೇವ್ ಆಯ್ಕೆಯುಳ್ಳ ಆ್ಯಪನ್ನು ಬಳಸುವುದು ಒಳ್ಳೆಯದು. ವಾಟ್ಸಾಪಿನಲ್ಲಿ ಕಳಿಸಿದ ಧ್ವನಿಯನ್ನೇ ಮೂಲಪ್ರತಿಯೆಂದು ಭಾವಿಸಬಾರದು.

5. ಒಂದೇ ಮೈಕಿನ ಮುದ್ರಣವು ಈ ಅಳತೆಯಲ್ಲಿ ಗಂಟೆಗೆ ಸುಮಾರು 518 ಎಂ.ಬಿ. ಆಗುತ್ತದೆ, 16 ಬಿಟ್‌ನಲ್ಲಾದರೆ 346. ಈಗಿನ 64 ಜಿ.ಬಿ. ಕಾರ್ಡಿನಲ್ಲಿ ಸುಮಾರು 120 ಗಂಟೆ ಹಿಡಿಯುವುದರಿಂದ ಜಾಗದ ಚಿಂತೆ ಬೇಡ.

6. ಮೂಲವನ್ನು ಹಾಗೆಯೇ ಎರಡು ಬೇರೆ ಬೇರೆ ಕಡೆ ಇಟ್ಟು, ಬಂಧುಗಳಿಗೆ ಹಂಚಲು 16 ಬಿಟ್‌ನ ಅಥವಾ ಎಂಪಿ3 ಪ್ರತಿಯನ್ನು ತೆಗೆಯಬೇಕು. 24ರಿಂದ 16ಕ್ಕೆ ಇಳಿಸುವಾಗ ಡಿದರ್ ಎಂಬ ಆಯ್ಕೆಯನ್ನು ಒತ್ತಬೇಕು. ಅದು ಅತಿ ಸಣ್ಣ ಸಮನಾದ ಸದ್ದನ್ನು ಬೆರೆಸಿ, ನಾದವು ಅಡಗುವ ಕೊನೆಯಲ್ಲಿ ಒರಟುತನ ಕಾಣದಂತೆ ಮಾಡುತ್ತದೆ.

ನಮ್ಮ ಮನೆಯಲ್ಲಿ ಈಗ ಸೊಸೆಯಂದಿರು ಆ ಎರಡೂ ಮುದ್ರಣಗಳನ್ನು ಕೂಡಿಸಿ ಕೇಳಿ ಅತ್ತೆಯವರ ಧಾಟಿಯನ್ನು ಕಲಿಯುತ್ತಿದ್ದಾರೆ. ಒಡೆದ ಕಡೆ ಸ್ವರ ಎತ್ತ ಸಾಗಿತೆಂಬುದನ್ನು ಊಹಿಸಬೇಕಾಗಿದೆ. ಕೆಲವೆಡೆ ಊಹೆಗೂ ಸಿಗುವುದಿಲ್ಲ. ಅಂದು ಹಾಡಿಗೆ ಮುಂಚೆ ಮತ್ತೆರಡು ನಿಮಿಷ ಮೀಟರನ್ನು ನೋಡಿದ್ದರೆ ಈ ಕಷ್ಟವಿರುತ್ತಿರಲಿಲ್ಲ. ಯಾರ ಮನೆಯಲ್ಲಿ ಇಂತಹ ಹಿರಿಯರು ಇನ್ನೂ ಇದ್ದಾರೋ ಅವರು ಆ ಎರಡು ನಿಮಿಷವನ್ನು ಉಳಿಸಬಾರದೆಂದು ನಮ್ಮ ವಿನಂತಿ.