ಬಿಡಿಯಾಗಿ ಪಾಸ್, ಕೂಡಿದಾಗ ಫೇಲ್

1. ಕಂಪೈಲ್ ಆದ ಮಾತ್ರಕ್ಕೆ ಎರಡು ಕಾಂಪೊನೆಂಟ್‌ಗಳು ಹೊಂದಿಕೊಂಡವು ಅಂತಲ್ಲ. ಪಾವತಿ ಭಾಗ ಮೊತ್ತವನ್ನು ಪೈಸೆಯಲ್ಲಿ ಕೇಳುತ್ತದೆ, ಬಿಲ್ಲಿಂಗ್ ರೂಪಾಯಿಯಲ್ಲಿ ಕಳಿಸುತ್ತದೆ. ಎರಡೂ ಕಡೆ ಇಂಟಿಜರ್, ಕಂಪೈಲರ್‌ಗೆ ತಕರಾರಿಲ್ಲ. 500 ರೂಪಾಯಿ ಬಿಲ್ಲಿಗೆ ಗಿರಾಕಿಯ ಖಾತೆಯಿಂದ ಹೋಗುವುದು 5 ರೂಪಾಯಿ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕೈತಪ್ಪಿದ್ದೂ ಹೀಗೇ: ಒಂದು ಸಾಫ್ಟ್‌ವೇರ್ ಪೌಂಡ್-ಸೆಕೆಂಡಿನಲ್ಲಿ ಬರೆದದ್ದನ್ನು ಇನ್ನೊಂದು ನ್ಯೂಟನ್-ಸೆಕೆಂಡ್ ಎಂದು ಓದಿತು. ದುಡ್ಡಿಗೆ, ಅಳತೆಗೆ ಬರೀ ಇಂಟಿಜರ್ ಬೇಡ. ಪ್ರತ್ಯೇಕ ಟೈಪ್ ಮಾಡಿ.

2. ಹಳೆಯ ಕಾಂಪೊನೆಂಟನ್ನು ಮತ್ತೆ ಬಳಸುವಾಗ ಅದು ಏನನ್ನು ನಂಬಿಕೊಂಡಿದೆ ಎಂದು ಮೊದಲು ಕೇಳಿ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಹಾರಿ ನಿಮಿಷ ತುಂಬುವ ಮೊದಲೇ ಸಿಡಿಯಿತು. ದಿಕ್ಕು ಅಳೆಯುವ ಸಾಫ್ಟ್‌ವೇರ್ ಏರಿಯಾನ್ 4ರದ್ದು. ಹೊಸ ರಾಕೆಟ್ಟಿನ ಅಡ್ಡವೇಗ ಹೆಚ್ಚು. 64 ಬಿಟ್ಟಿನ ಮೌಲ್ಯ 16 ಬಿಟ್ಟಿನಲ್ಲಿ, ಅಂದರೆ 32,767ರೊಳಗೆ, ಹಿಡಿಸಲಿಲ್ಲ. ಬದಲಿ ಯಂತ್ರದಲ್ಲೂ ಅದೇ ಕೋಡ್ ಇದ್ದುದರಿಂದ ಅದೂ ಕೈಕೊಟ್ಟಿತು. ಇಷ್ಟಕ್ಕೂ, ಏರಿಯಾನ್ 5 ನೆಲ ಬಿಟ್ಟ ಮೇಲೆ ಆ ಲೆಕ್ಕ ಬೇಕಾಗಿಯೇ ಇರಲಿಲ್ಲ! ಮೌಲ್ಯ ಮಿತಿ ಮೀರದೆಂದು ನಂಬಿ ಪರೀಕ್ಷೆ ಕೈಬಿಟ್ಟಿದ್ದಕ್ಕೆ ಕಾರಣ ಕೋಡಿನಲ್ಲಿ ನೇರವಾಗಿ ಎಲ್ಲೂ ಸಿಗಲಿಲ್ಲ ಎಂದು ತನಿಖಾ ವರದಿ ಹೇಳುತ್ತದೆ. ನನಗೆ ಸಿಡಿದದ್ದಕ್ಕಿಂತ ಈ ಸಾಲೇ ಹೆಚ್ಚು ಕಾಡುತ್ತದೆ.

3. ಕರೆಗಳ ಕ್ರಮವೂ ಒಪ್ಪಂದದ ಭಾಗ. ದಾಸ್ತಾನು ಭಾಗದ ನಿಯಮ: ‘ಕಾಯ್ದಿರಿಸು’, ಆಮೇಲೆ ‘ಖಚಿತ’ ಅಥವಾ ‘ಬಿಡು’, ಎರಡರಲ್ಲಿ ಒಂದು ಮಾತ್ರ. ಪಾವತಿಯ ಉತ್ತರ ಬರದಿದ್ದಾಗ ಆರ್ಡರ್ ಭಾಗ ‘ಬಿಡು’ ಅನ್ನುತ್ತದೆ. ತಡವಾಗಿ ‘ಹಣ ಬಂತು’ ಎಂಬ ಸಂದೇಶ ಬಂದಾಗ ‘ಖಚಿತ’ವನ್ನೂ ಕರೆಯುತ್ತದೆ. ಅಷ್ಟರಲ್ಲಿ ಮಾಲು ಬೇರೆಯವರ ಪಾಲಾಗಿರುತ್ತದೆ. ಯೂನಿಟ್ ಟೆಸ್ಟ್ ಎಲ್ಲ ಹಸಿರೇ. ಮೂರೂ ಭಾಗಗಳ ಸ್ಥಿತಿಗಳನ್ನು ಬರೆದು ಸ್ಪಿನ್‌ನಂಥ ಮಾಡೆಲ್ ಚೆಕರ್‌ಗೆ ಕೊಟ್ಟರೆ ಈ ತಪ್ಪುದಾರಿಯನ್ನು ಹೆಜ್ಜೆಹೆಜ್ಜೆಯಾಗಿ ತೋರಿಸುತ್ತದೆ. ಮೀಟಿಂಗಿನಲ್ಲಿ ವಾದಕ್ಕೆ ಜಾಗವಿರುವುದಿಲ್ಲ.

4. ಎಲ್ಲವನ್ನೂ ಮಾಡೆಲ್ ಮಾಡಹೊರಟರೆ ಸ್ಥಿತಿಗಳ ಸಂಖ್ಯೆ ಕೈಮೀರುತ್ತದೆ. ಎರಡು ಟೀಮುಗಳ ಗಡಿ, ಟೈಮ್‌ಔಟ್, ಮರುಯತ್ನ: ಇಷ್ಟು ಸಾಕು.

5. ಪರಿಶೀಲನೆ ಒಂದು ಸಲಕ್ಕೆ ಮುಗಿಯುವುದಿಲ್ಲ. ಬಳಸುವವರು ಬರೆದ ಒಪ್ಪಂದದ ಟೆಸ್ಟುಗಳು ಒದಗಿಸುವವರ ಬಿಲ್ಡಿನಲ್ಲಿ ಪ್ರತಿಸಲ ಓಡಬೇಕು. ಟೈಮ್‌ಔಟಿನ ಡೀಫಾಲ್ಟ್ ಬದಲಾದರೂ ವರ್ಷನ್ ಸಂಖ್ಯೆಯ ಕೊನೆಯ ಅಂಕಿಯಷ್ಟೇ ಏರುತ್ತದೆ, ಯಾರೂ ನೋಡುವುದಿಲ್ಲ. ಹಾಗಾಗಿ ಆ ಡೀಫಾಲ್ಟನ್ನೂ ಒಪ್ಪಂದದಲ್ಲಿ ಬರೆಸಿ.