ಉರಿಯೂತವೂ ರಕ್ತಪರೀಕ್ಷೆಯೂ

ಕಾಲಿಗೆ ಮುಳ್ಳು ಚುಚ್ಚಿದ ಜಾಗವು ಮರುದಿನ ಕೆಂಪೇರಿ, ಬಿಸಿಯಾಗಿ, ಊದಿಕೊಂಡು ನೋಯುವುದು ಎಲ್ಲರ ಅನುಭವಕ್ಕೂ ಬಂದಿರುವ ಸಂಗತಿ. ಇದನ್ನೇ ವೈದ್ಯಶಾಸ್ತ್ರವು ಉರಿಯೂತವೆಂದು ಕರೆಯುತ್ತದೆ. ಗಾಯವನ್ನೋ ರೋಗಾಣುವನ್ನೋ ಎದುರಿಸಲು ದೇಹವು ಹೂಡುವ ರಕ್ಷಣೆಯಿದು. ಕೆಲವೊಮ್ಮೆ ಆ ರಕ್ಷಣೆಯೇ ಹದ ಮೀರಿ ದೇಹಕ್ಕೆ ಕೇಡು ಮಾಡುವುದೂ ಉಂಟು. ಕಾಲಿನ ಊತವು ಕಣ್ಣಿಗೆ ಕಾಣುತ್ತದೆ. ಶ್ವಾಸಕೋಶದಲ್ಲಿಯೋ ರಕ್ತನಾಳದಲ್ಲಿಯೋ ಆದ ಉರಿಯೂತವು ಕಾಣದು. ಅದರ ಸುಳಿವನ್ನು ರಕ್ತದಲ್ಲಿ ಅರಸುವ ಎರಡು ಪರೀಕ್ಷೆಗಳು ಹೆಚ್ಚು ಬಳಕೆಯಲ್ಲಿವೆ.

ಮೊದಲನೆಯದು ಇ.ಎಸ್.ಆರ್., ಎಂದರೆ ಕೆಂಪು ರಕ್ತಕಣಗಳು ತಳಕ್ಕಿಳಿಯುವ ವೇಗ. 1921ರಲ್ಲಿ ಸ್ವೀಡನ್ನಿನ ವೆಸ್ಟರ್‌ಗ್ರೆನ್ ಶ್ವಾಸಕೋಶದ ಕ್ಷಯರೋಗಿಗಳ ರಕ್ತದಲ್ಲಿ ಇದನ್ನು ಅಭ್ಯಸಿಸಿದನು. ಆತನ ವಿಧಾನ ಸರಳವಾದುದು. ನಾಲ್ಕು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ದ್ರಾವಣವನ್ನು ಬೆರೆಸಿ, ಕಿರಿದಾದ ಗಾಜಿನ ನಳಿಗೆಯಲ್ಲಿ ನೆಟ್ಟಗೆ ನಿಲ್ಲಿಸುವುದು; ಒಂದು ಗಂಟೆಯ ತರುವಾಯ ಕಣಗಳು ಎಷ್ಟು ಮಿಲಿಮೀಟರು ಕೆಳಗಿಳಿದಿವೆಯೆಂದು ನೋಡುವುದು. ಸಾಮಾನ್ಯವಾಗಿ ಕೆಂಪುಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಉರಿಯೂತವಾದಾಗ ಯಕೃತ್ತು ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಹೆಚ್ಚಾಗಿ ಸ್ರವಿಸುವುದರಿಂದ, ಅವು ನಾಣ್ಯಗಳನ್ನು ಪೇರಿಸಿದಂತೆ ಅಂಟಿಕೊಂಡು ಬೇಗನೆ ಇಳಿಯುತ್ತವೆ.

ಎರಡನೆಯದು ಸಿ.ಆರ್.ಪಿ. ಇದೂ ಯಕೃತ್ತಿನಲ್ಲಿ ಹುಟ್ಟುವ ಪ್ರೋಟೀನೇ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಗುರುತಿಸಿದರು. ಇದು ಕೆಲವೇ ಗಂಟೆಗಳಲ್ಲಿ ಏರತೊಡಗಿ, ಸುಮಾರು ಎರಡು ದಿನಗಳಲ್ಲಿ ತುತ್ತತುದಿಯನ್ನು ಮುಟ್ಟುತ್ತದೆ. ಕಾರಣವು ನಿಂತೊಡನೆ ಸುಮಾರು 19 ಗಂಟೆಗೊಮ್ಮೆ ಅರ್ಧದಷ್ಟು ಇಳಿಯುತ್ತದೆ. ಇ.ಎಸ್.ಆರ್. ಆದರೋ ರೋಗ ವಾಸಿಯಾದ ಮೇಲೂ ವಾರಗಟ್ಟಲೆ ಏರಿಯೇ ಇರಬಹುದು. ಚಿಕಿತ್ಸೆಯು ಫಲಿಸುತ್ತಿದೆಯೇ ಎಂಬುದನ್ನು ದಿನದಿನಕ್ಕೆ ಅಳೆಯಲು ಸಿ.ಆರ್.ಪಿ.ಯೇ ಮೇಲು.

ಆದರೆ ಇವೆರಡೂ ಬೆಂಕಿಯಿದೆಯೆನ್ನುವುವೇ ಹೊರತು, ಯಾವ ಮನೆಗೆ ಹತ್ತಿದೆಯೆಂದು ಹೇಳಲಾರವು. ರಕ್ತಹೀನತೆಯಲ್ಲಿ, ಗರ್ಭಾವಸ್ಥೆಯಲ್ಲಿ, ಮುಪ್ಪಿನಲ್ಲಿ ಉರಿಯೂತವಿಲ್ಲದೆಯೂ ಇ.ಎಸ್.ಆರ್. ಏರುತ್ತದೆ. ರಕ್ತಹೀನತೆಯು ಮನೆಮನೆಯಲ್ಲಿರುವ ನಮ್ಮ ನಾಡಿನ ಹೆಂಗಸರು 40 ಎಂಬ ಅಂಕಿಯನ್ನು ಕಂಡು ಕ್ಷಯವೆಂದು ಕಂಗೆಡುವುದು ಸಲ್ಲದು. ಅಂತೆಯೇ, ಅಂಕಿ ಸರಿಯಿದೆಯೆಂದ ಮಾತ್ರಕ್ಕೆ ಕ್ಷಯವಿಲ್ಲವೆನ್ನಲೂ ಬಾರದು. ಅದಕ್ಕೆ ಕಫದ ಪರೀಕ್ಷೆಯೇ ಆಗಬೇಕು.

ಈ ಪರೀಕ್ಷೆಗಳಿಗೆ ಉಪವಾಸ ಬೇಕಿಲ್ಲ. ತೋಳಿನ ರಕ್ತನಾಳದಿಂದ ತೆಗೆದ ಸ್ವಲ್ಪ ರಕ್ತ ಸಾಕು. ವರದಿ ಬಂದಾಗ ಮಾನವನ್ನು ಗಮನಿಸತಕ್ಕದ್ದು: ಸಿ.ಆರ್.ಪಿ.ಯನ್ನು ಕೆಲವರು ಲೀಟರಿಗೂ ಕೆಲವರು ಡೆಸಿಲೀಟರಿಗೂ ಲೆಕ್ಕ ಹಾಕುವುದರಿಂದ ಒಂದೆಡೆಯ 6 ಮಿಲಿಗ್ರಾಂ ಇನ್ನೊಂದೆಡೆ 0.6 ಆಗಿ ಕಾಣುತ್ತದೆ. ಇದನ್ನರಿಯದೆ ಎರಡು ವರದಿಗಳನ್ನು ಹೋಲಿಸಿ ಗಾಬರಿಗೊಂಡವರುಂಟು.

ಪರೀಕ್ಷೆಯನ್ನು ತಡಮಾಡಲಾಗದ ಸಂದರ್ಭವೂ ಒಂದಿದೆ. ಐವತ್ತು ದಾಟಿದವರಿಗೆ ಹಿಂದೆಂದೂ ಇಲ್ಲದ ತಲೆನೋವು ಹತ್ತಿ, ಕಣತಲೆ ಮುಟ್ಟಿದರೆ ನೋಯುತ್ತಿದ್ದು, ಅಗಿಯುವಾಗ ದವಡೆ ಸೋಲುತ್ತಿದ್ದರೆ, ಅದು ತಲೆಯ ಧಮನಿಗಳ ಉರಿಯೂತವಿರಬಹುದು. ನಮ್ಮಲ್ಲಿ ಇದು ವಿರಳ. ಆದರೂ ಬಂದರೆ ದೃಷ್ಟಿಯನ್ನೇ ಕಳೆಯಬಲ್ಲದು. ಇಂಥವರಲ್ಲಿ ಇ.ಎಸ್.ಆರ್., ಸಿ.ಆರ್.ಪಿ. ಎರಡೂ ಬಹುಮಟ್ಟಿಗೆ ಏರಿರುತ್ತವೆ. ಸಂಶಯವು ಬಲವಾಗಿದ್ದರೆ ವೈದ್ಯರು ಮುಂದಿನ ಪರೀಕ್ಷೆಗಳಿಗೆ ಕಾಯದೆ ಅಂದೇ ಸ್ಟಿರಾಯ್ಡ್ ಔಷಧವನ್ನು ಆರಂಭಿಸುತ್ತಾರೆ. ಏಕೆಂದರೆ ಹಾಗೆ ಹೋದ ದೃಷ್ಟಿ ಮರಳುವುದು ತೀರ ಅಪರೂಪ.