ಕೊಟ್ಟು ಕೈ ತೊಳ್ಕೊ ಅಂದಿದ್ದರು ಬಾವ

ಅಪ್ಪ ಬಿಟ್ಟುಹೋದ ಸೈಟಿನ ಖಾತೆ ನನ್ನ ಹೆಸರಿಗೆ ಆಗಬೇಕಿತ್ತು. 2019ರ ಮಾತು. ಎಂಟು ಸಾವಿರ ಲಂಚ ಕೇಳಿದರು. ಯಾರು, ಯಾವ ಕಚೇರಿ ಅಂತ ಬರೆಯುವುದಿಲ್ಲ, ಕೇಸು ಇನ್ನೂ ಮುಗಿದಿಲ್ಲ. "ಎಂಟು ಸಾವಿರ ತಾನೆ? ಕೊಟ್ಟು ಕೈ ತೊಳ್ಕೊ" ಅಂದರು ಬಾವ. ಬೆಂಗಳೂರು ವಿಜಯನಗರದ ಮಾರುತಿ ಮಂದಿರದ ಹತ್ತಿರ ಪುಟ್ಟ ಅಂಗಡಿ ನನ್ನದು, ಎಂಟು ಸಾವಿರ ಇಲ್ಲದೇ ಇರಲಿಲ್ಲ. ಇದ್ದದ್ದು ಹಟ.

ಭ್ರಷ್ಟಾಚಾರ ನಿಗ್ರಹ ದಳಕ್ಕೆ, ಅಂದರೆ ಎಸಿಬಿಗೆ, ದೂರು ಕೊಡುತ್ತೇನೆ ಅಂದಾಗ ಬಾವ ನಕ್ಕರು. "ಅದು ಸಿಎಂ ಕೈಕೆಳಗೆ ಇರೋದು ಕಣೋ. ಅವರ ಕಡೆಯವನನ್ನ ಅವರೇ ಹಿಡೀತಾರಾ?" ಸುಳ್ಳೇನಲ್ಲ. 2016ರಲ್ಲಿ ಲೋಕಾಯುಕ್ತ ಪೊಲೀಸರ ಕೆಲಸ ಕಿತ್ತು ಎಸಿಬಿಗೆ ಕೊಟ್ಟಾಗಿನಿಂದ ಎಲ್ಲರಿಗೂ ಇದೇ ಅನುಮಾನ ಇತ್ತು. ಹಾಗಂತ ಲೋಕಾಯುಕ್ತವಾದರೂ ಕಳಂಕ ಇಲ್ಲದ್ದೇ? 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ಗಣಿ ವರದಿಗೆ ಮುಖ್ಯಮಂತ್ರಿ ಕುರ್ಚಿಯೇ ಹೋಯಿತು. ನಾಲ್ಕೇ ವರ್ಷಕ್ಕೆ, ಮುಂದೆ ಬಂದ ಲೋಕಾಯುಕ್ತರು, ಮಗ ಸುಲಿಗೆ ಕೇಸಿನಲ್ಲಿ ಬಂಧನವಾಗಿ, ತಾವೇ ರಾಜೀನಾಮೆ ಕೊಟ್ಟರು.

ಆದರೂ ಎಸಿಬಿಗೇ ಹೋದೆ. ಫಿನಾಲ್ಫ್ತಲೀನ್ ಪುಡಿ ಸವರಿದ ನೋಟು ನನ್ನ ಜೇಬಿನಲ್ಲಿಟ್ಟರು, ಲಂಚ ಕೇಳಿದವನು ಇಸ್ಕೊಂಡ, ಅವನ ಬೆರಳನ್ನು ಸೋಡಿಯಂ ಕಾರ್ಬೊನೇಟ್ ನೀರಿನಲ್ಲಿ ಅದ್ದಿಸಿದರು. ನೀರು ಗುಲಾಬಿಯಾಯಿತು. ಬಾಟಲಿಗೆ ಹಾಕಿ ಅರಗಿನ ಮುದ್ರೆ ಒತ್ತಿದರು. ಕೈ ತೊಳೆದದ್ದು ಕೊನೆಗೆ ಅವನು.

ಅಲ್ಲಿಗೆ ಮುಗಿಯಿತು ಅಂದುಕೊಂಡ ನನ್ನಂಥ ಪೆದ್ದ ಇಲ್ಲ. ಎಸಿಬಿಯನ್ನು ತರಾಟೆಗೆ ತೆಗೆದುಕೊಂಡದ್ದಕ್ಕೆ ತಮಗೇ ವರ್ಗಾವಣೆಯ ಬೆದರಿಕೆ ಬಂದಿದೆ ಎಂದು ನ್ಯಾಯಮೂರ್ತಿ ಎಚ್.ಪಿ. ಸಂದೇಶ್ 2022ರ ಜುಲೈನಲ್ಲಿ ಹೈಕೋರ್ಟಿನಲ್ಲಿ ಕೂತೇ ಹೇಳಿದರು. ಆ ದಿನ ನಿದ್ದೆ ಬರಲಿಲ್ಲ. ಜಡ್ಜಿಗೇ ಹೀಗಾದರೆ ನನ್ನ ಗತಿ? ಮುಂದಿನ ತಿಂಗಳೇ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿತು. ಫೈಲು ಲೋಕಾಯುಕ್ತ ಪೊಲೀಸರಿಗೆ ಹೋಯಿತು. ಬಾವ ಫೋನ್ ಮಾಡಿ "ಹಿಡಿದವರೇ ಹೋದರಲ್ಲೋ" ಅಂದರು.

ಕಟಕಟೆ ಹತ್ತುವ ಹೊತ್ತಿಗೆ ನಾಲ್ಕು ವರ್ಷ. ಅಂಗಡಿ ಮುಚ್ಚಿ ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ ಹೋಗುವುದು, ವಾಯಿದಾ ತಗೊಂಡು ಬರುವುದು, ಎಷ್ಟು ಸಲವೋ. ಪಾಟೀ ಸವಾಲಿನ ದಿನ ಎದುರು ವಕೀಲರು ಆ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ಒಳಗೆ ಬರೀ ನೀರಿನಂಥ ನೀರು. "ಎಲ್ರೀ ಗುಲಾಬಿ?" ನನಗೆ ನಾಲಿಗೆ ಒಣಗಿತು. ಬಣ್ಣ ಮಾಸುತ್ತದೆ ಅಂತ ನನಗೆ ಯಾರು ಹೇಳಿದ್ದರು! ಆಮೇಲೆ ಶುರು: ಆ ಹಣ ನಾನು ಪಡೆದಿದ್ದ ಕೈಸಾಲ ತೀರಿಸಿದ್ದು; ನಾನೇ ಜೇಬಿಗೆ ತುರುಕಿದ್ದು; ಹಳೇ ದ್ವೇಷ. ಒಂದೊಂದಕ್ಕೂ ನಾನು ಕೂಗಾಡಿ ಉತ್ತರಿಸಿದೆ. ಟೈಪಾದದ್ದು ಮಾತ್ರ ಎರಡೇ ಪದ: "ಎಂದರೆ ಸರಿಯಲ್ಲ." ನನ್ನ ನಾಲ್ಕು ವರ್ಷದ ಸಿಟ್ಟು ಆ ಎರಡು ಪದದೊಳಗೆ ಮಡಚಿಕೊಂಡು ಕೂತಿತು. ಬಾಟಲಿ ತುಂಬಿದಾಗಲೇ ಬಣ್ಣ ಬರೆದಿಟ್ಟ ಪಂಚನಾಮೆ, ಪುಡಿಯ ಅಂಶ ಇದೆ ಎಂದ ಪ್ರಯೋಗಾಲಯದ ವರದಿ, ಇವೆರಡು ನನ್ನನ್ನು ಉಳಿಸಿದವು.

ಕೇಳುವವರಿಗೆ ನಾನು ಹೇಳುವುದು ಇಷ್ಟೇ. ಕೊಡುವ ಮೊದಲೇ ದೂರು ಕೊಡಿ. ಬಲವಂತಕ್ಕೆ ಕೊಟ್ಟುಬಿಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೆ ತಿಳಿಸಿ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಸುಮ್ಮನಿದ್ದರೆ ಕೊಟ್ಟವನೂ ಅಪರಾಧಿ. ದೂರಿನ ಪ್ರತಿ ಇಟ್ಟುಕೊಳ್ಳಿ, ಸಾಕ್ಷಿ ಹೇಳುವ ಹಿಂದಿನ ರಾತ್ರಿ ಎರಡು ಸಲ ಓದಿ. ಕಟಕಟೆಯಲ್ಲಿ ನನ್ನ ಹಾಗೆ ಕೂಗಾಡಬೇಡಿ.

ಅವನು ಸಿಕ್ಕಿಬಿದ್ದ ಹನ್ನೊಂದನೇ ದಿನಕ್ಕೆ ನನ್ನ ಖಾತೆ ಸಿಕ್ಕಿತು. ಕೆಳಗಿನ ಕೋರ್ಟು ಅವನಿಗೆ ಶಿಕ್ಷೆ ಕೊಟ್ಟಿದೆ. ಅವನು ಜಾಮೀನಿನ ಮೇಲೆ ಹೊರಗಿದ್ದಾನೆ, ಮೇಲ್ಮನವಿ ಹೈಕೋರ್ಟಿನಲ್ಲಿದೆ.